ಲಕ್ಕಿ ಸೊಪ್ಪು, ನಾಲ್ಕನೇ ಜ್ವರ

ಮೂಟೆಯ ಗಂಟು ಬಿಚ್ಚಲು ಮುನಿಯಮ್ಮನಿಗೆ ಆಗಲಿಲ್ಲ. ಎಲ್ಲ ಶುರುವಾಗಿದ್ದು ಅಲ್ಲಿಂದ.

ಎಂಬತ್ತರ ದಶಕದ ಮಾತು. ರಾಮನಗರದ ಗೂಡಿನ ಮಾರ್ಕೆಟ್ಟು, ಬೆಳಿಗ್ಗೆ ಹತ್ತು ಗಂಟೆ, ಪಕ್ಕದವರ ಮಾತು ಪಕ್ಕದವರಿಗೆ ಕೇಳದಷ್ಟು ಕೂಗಾಟ. ಹೊಂಗನೂರಿನಿಂದ ಮೊದಲ ಬಸ್ಸಿನ ನೆತ್ತಿಗೆ ಮೂಟೆ ಏರಿಸಿಕೊಂಡು ಬಂದಿದ್ದ ಗಂಡ ಕೆಂಪಯ್ಯ ಚೀಟಿ ಬರೆಸಲು ಸಾಲಿನಲ್ಲಿ ನಿಂತಿದ್ದ. ಅವನು ಬರುವಷ್ಟರಲ್ಲಿ ರೇಷ್ಮೆಗೂಡು ಸುರಿದು ಹರಡಿಡಬೇಕು, ಅಷ್ಟೇ ಇವಳ ಕೆಲಸ. ಆದರೆ ಆ ಗೋಣಿದಾರದ ಗಂಟು! ಎಳೆದಳು, ತಿರುವಿದಳು, ಕೊನೆಗೆ ಬಗ್ಗಿ ಹಲ್ಲು ಹಾಕಿದಳು. ಹೆಬ್ಬೆರಳು ತೋರುಬೆರಳು ಒಂದನ್ನೊಂದು ಮುಟ್ಟಿದರೆ ತಾನೆ? ಗೆಣ್ಣುಗಳೆಲ್ಲ ಹಸಿ ಶುಂಠಿಯ ಹಾಗೆ ಊದಿ ಕೂತಿದ್ದವು.

"ಹಲ್ಲು ಹೋಗ್ತದೆ ಅಮ್ಮಾ, ಬಿಡಿ ಇಲ್ಲಿ," ಎಂದು ಪಕ್ಕದಿಂದ ಒಂದು ಕೈ ಬಂತು. ಎರಡೇ ಬೆರಳು, ಒಂದೇ ಎಳೆತ, ಗಂಟು ಬಿಚ್ಚಿಕೊಂಡಿತು.

ಕೈ ರಹೀಮಾಳದು. ಚನ್ನಪಟ್ಟಣದಲ್ಲಿ ಮನೆಯಲ್ಲೇ ಚರಕ ಹಾಕಿಕೊಂಡು ನೂಲು ತೆಗೆಯುವವಳು, ಗೂಡು ನೋಡಿ ಆರಿಸಲು ಗಂಡನ ಜೊತೆ ಬಂದಿದ್ದಳು. ಮುನಿಯಮ್ಮ ಅವಳ ಮುಖ ನೋಡಲಿಲ್ಲ, ಕೈಯನ್ನೇ ನೋಡಿದಳು. ಇಪ್ಪತ್ತು ವರ್ಷ ಕುದಿಯುವ ನೀರಿನಲ್ಲಿ ಅದ್ದಿದ ಕೈ, ಬೆಂದ ಗೆಣಸಿನ ಸಿಪ್ಪೆಯಂಥ ಚರ್ಮ. ಆದರೂ ಬೆರಳು ಹೇಗೆ ಮಡಿಚಿಕೊಳ್ಳುತ್ತವೆ, ಹೇಗೆ ತೆರೆದುಕೊಳ್ಳುತ್ತವೆ!

"ನಿಂಗೆ ನೋವೇ ಇಲ್ವಾ ತಾಯಿ?"

"ಇಲ್ದೇ ಏನು? ನಾಕು ವರ್ಷದ ಹಿಂದೆ ರೊಟ್ಟಿ ಮುರಿಯೋಕೂ ಆಗ್ತಿರ್ಲಿಲ್ಲ. ನಮ್ಮತ್ತೆ ಲಕ್ಕಿ ಸೊಪ್ಪು ಹಾಕಿದ್ರು. ಬೇಯಿಸಿ ಹಬೆ ಹಿಡಿಯೋದು, ಆಮೇಲೆ ಅದೇ ಸೊಪ್ಪು ಹರಳೆಣ್ಣೇಲಿ ಬಾಡಿಸಿ ಬಿಸಿಬಿಸೀದು ಕಟ್ಟೋದು. ಏಳು ಸಲ. ನಿಮ್ಮೂರ ಹಳ್ಳದಲ್ಲಿ ಇಲ್ವಾ ಲಕ್ಕಿ?"

"ಐತೆ! ಬೇಲಿ ತುಂಬ ಐತೆ ಕಣವ್ವಾ!"

"ಇನ್ನೇನು ಮತ್ತೆ, ಔಷಧಿ ಬಾಗ್ಲಲ್ಲೇ ಇಟ್ಕೊಂಡು ಹಲ್ಲಲ್ಲಿ ಗಂಟು ಬಿಚ್ತೀರಾ?" ಎಂದು ನಕ್ಕು ರಹೀಮಾ ಗೂಡಿನ ರಾಶಿಗೆ ಕೈ ಹಾಕಿದಳು.

ವಾಪಸ್ಸು ಬಸ್ಸಿನಲ್ಲಿ ಕೆಂಪಯ್ಯ ಹೆಂಡತಿಯ ಕಡೆ ತಿರುಗದೆ ಕೂತ. ಅವನು ಕೆಟ್ಟವನಲ್ಲ. ಆದರೆ ಹಿಂದಿನ ಬೆಳೆಯಲ್ಲಿ ನಡೆದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹುಳ ಹಣ್ಣಾದ ದಿನ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ತಯಾರಾದ ದಿನ, ಒಂದೊಂದೇ ಹುಳ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಚೆಲ್ಲಿ ಹಾಳಾಗುತ್ತವೆ. ಆ ಕೆಲಸಕ್ಕೆ ಹೊಂಗನೂರಿನಲ್ಲೇ ಮುನಿಯಮ್ಮನಷ್ಟು ಮೆತ್ತನೆಯ ಕೈ ಇನ್ನೊಂದಿರಲಿಲ್ಲ. ಅಂಥವಳು ಅವತ್ತು ಒಂದು ಹುಳವನ್ನು ಬೆರಳ ನಡುವೆ ಹಿಸುಕಿಬಿಟ್ಟಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಹುಳ. ಸುಮ್ಮನೆ ಅದನ್ನೇ ನೋಡುತ್ತ ನಿಂತುಬಿಟ್ಟಿದ್ದಳು.

"ಇನ್ನೊಂದು ಬೆಳೆ ನೋಡ್ತೀನಿ ಕಣಮ್ಮಿ," ಎಂದ ಕೆಂಪಯ್ಯ, ಕಿಟಕಿಯ ಕಡೆ ಮುಖ ಮಾಡಿಕೊಂಡೇ. "ನಿನ್ ಕೈಲಿ ಹುಳ ಎತ್ತಾಕಾಗ್ಲಿಲ್ಲ ಅಂದ್ರೆ ಹಿಪ್ನೇರಳೆ ಸೊಪ್ಪಿನ ತ್ವಾಟ ಕಿತ್ತಾಕಿ ತೆಂಗಿನ ಸಸಿ ಮಡಗ್ಬುಡ್ತೀನಿ. ನೀನು ನರಳಾದ ನಾನು ನೋಡಾಕಾಗಾಕಿಲ್ಲ."

"ತೆಂಗಿನ ಮರ ನಿಮ್ಮನ್ನ ಮಾತಾಡಿಸ್ತದಾ?"

"ಹುಳ ಮಾತಾಡಿಸ್ತಾವಾ?"

"ಹೂಂ," ಎಂದಳು ಮುನಿಯಮ್ಮ. ಅದು ನಿಜ ಎಂದು ಕೆಂಪಯ್ಯನಿಗೂ ಗೊತ್ತಿತ್ತು.

ಆಗೆಲ್ಲ ಮೊಟ್ಟೆಯಿಂದಲೇ ಸಾಕಬೇಕು. ಕಾಗದದ ಮೇಲೆ ಗಸಗಸೆ ಚೆಲ್ಲಿದ ಹಾಗೆ ಮೊಟ್ಟೆ. ಒಂದು ಬೆಳಿಗ್ಗೆ ನೋಡಿದರೆ ಗಸಗಸೆಗೆಲ್ಲ ಜೀವ ಬಂದು ಕೂದಲೆಳೆಯಂಥ ಕರಿ ಹುಳ. ಆಮೇಲೆ ತಿನ್ನುವುದೊಂದೇ ಕೆಲಸ, ನಡುನಡುವೆ ನಾಲ್ಕು ಸಲ ಜ್ವರ. ಕಾಯಿಲೆಯ ಜ್ವರವಲ್ಲ. ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು, ಹಳೆ ಚರ್ಮ ಕಳಚಿ ಹೊಸ ಮೈಯಲ್ಲಿ ಏಳುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ.

ಎರಡನೇ ಜ್ವರದಿಂದ ಹುಳ ಎದ್ದ ಸಂಜೆ ಮುನಿಯಮ್ಮ ಹಳ್ಳಕ್ಕೆ ಹೋದಳು. ಲಕ್ಕಿ ಗಿಡವನ್ನು ಹುಟ್ಟಿದಾಗಿಂದ ನೋಡಿದ್ದಳು, ಆದರೆ ಅವತ್ತೇ ಮೊದಲು ನಿಜವಾಗಿ ನೋಡಿದ್ದು ಅನ್ನಿಸಿತು. ಒಂದು ತೊಟ್ಟಿಗೆ ಐದು ಎಲೆ. ನಡುವಿನದು ಉದ್ದ, ಆಚೀಚಿನವು ಒಸಿ ಗಿಡ್ಡ, ಅಂಚಿನವು ಕಿರುಬೆರಳಿನಷ್ಟು. ಅಂಗೈ! ಒಂದು ಗಿಡದ ತುಂಬ ಸಾವಿರ ಅಂಗೈ, ಗಾಳಿ ಬಂದರೆ ಎಲ್ಲ ಮಗುಚಿ ಬೆಳ್ಳಗಿನ ಬೆನ್ನು ತೋರಿಸುತ್ತವೆ. ಅವಳು ತನ್ನ ಕೈಯನ್ನು ಒಂದು ಎಲೆಯ ಪಕ್ಕ ಹಿಡಿದು ನೋಡಿದಳು. ಎಲೆಯ ಬೆರಳು ನೆಟ್ಟಗಿದ್ದವು.

ಹಿತ್ತಲಿನಲ್ಲಿ ಒಲೆ ಹೂಡಿ, ಹಂಡೆಯಲ್ಲಿ ಸೊಪ್ಪು ಬೇಯಿಸಿ, ಕಂಬಳಿ ಹೊದ್ದು ಹಬೆಗೆ ಕೈ ಹಿಡಿದಳು. ಆ ಘಾಟು! ಮೂಗಿನಿಂದ ಇಳಿದು ಎದೆಗೆ ಹೋಗಿ ಕಣ್ಣಿನಿಂದ ನೀರಾಗಿ ಬಂತು. ಹರಳೆಣ್ಣೆಯಲ್ಲಿ ಬಾಡಿಸಿದ ಸೊಪ್ಪನ್ನು ಕೆಂಪಯ್ಯನೇ ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಟ್ಟ. "ಕಡುಬು ಕಟ್ಟಿದಂಗೈತೆ, ಬೇಯಿಸ್ಲಾ?" ಎಂದು ರೇಗಿಸಿದ. ಎಷ್ಟೋ ತಿಂಗಳ ಮೇಲೆ ಮುನಿಯಮ್ಮ ಕೈಯನ್ನು ಎಲ್ಲಿ ಇಡಲಿ ಎಂದು ಹುಡುಕದೆ ನಿದ್ದೆ ಮಾಡಿದಳು.

ಬೆಳಿಗ್ಗೆ ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ ಬೆರಳು ಅರ್ಧ ಮಡಿಚಿಕೊಳ್ಳುತ್ತಿವೆ! ಕೈ ತೊಳೆದುಕೊಂಡವಳೇ ಖುಷಿಯಲ್ಲಿ ಹುಳದ ಕೋಣೆಗೆ ನುಗ್ಗಿ, ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ತಾನೇ ಉದುರಿಸಿದಳು. ಒಂದು ತಟ್ಟೆ, ಎರಡು, ಮೂರು. ಆಮೇಲೆ ಕಿವಿಗೆ ಏನೋ ಕಡಿಮೆಯಾದ ಹಾಗಾಯಿತು. ಸೊಪ್ಪು ಬಿದ್ದ ಕೂಡಲೇ ಕೇಳಬೇಕಾದ ಚರಚರ ಶಬ್ದವೇ ಇಲ್ಲ.

ಬಗ್ಗಿ ನೋಡಿದಳು. ಹುಳಗಳು ಮುಂದಿನ ಅರ್ಧ ಮೈ ಎತ್ತಿ, ತಲೆಯನ್ನು ಅತ್ತ ಇತ್ತ ಆಡಿಸುತ್ತ, ಸೊಪ್ಪಿನಿಂದ ಹಿಂದಕ್ಕೆ ಸರಿಯುತ್ತಿದ್ದವು. ಅವಳು ಕೈ ಚಾಚಿದರೆ ಆ ಕಡೆಯ ಹುಳವೆಲ್ಲ ಇನ್ನೂ ಹಿಂದಕ್ಕೆ. ಇಪ್ಪತ್ತೆಂಟು ವರ್ಷ ಸಾಕಿದ ಜೀವ ತನ್ನ ಕೈಗೆ ಹೆದರಿ ಓಡುತ್ತಿದೆ! ಮುನಿಯಮ್ಮ ಕೈಯನ್ನು ಮೂಗಿಗೆ ಹಿಡಿದಳು.

ತಕ್ಷಣ ಹೊಳೆಯಿತು. ರಾಗಿ ತುಂಬಿಡುವ ಪಣತಕ್ಕೆ ಹುಳ ಬೀಳದಿರಲೆಂದು ಪ್ರತಿ ವರ್ಷ ತಾನೇ ಹಾಸುವುದು ಯಾವ ಸೊಪ್ಪು? ಅವರೆಕಾಳಿನ ಮಡಕೆಗೆ ತುರುಕುವುದು ಯಾವ ಸೊಪ್ಪು? ಲಕ್ಕಿ! ಹುಳ ಓಡಿಸುವ ಸೊಪ್ಪಿನಲ್ಲಿ ಕೈ ನೆನೆಸಿಕೊಂಡು ಹುಳ ಸಾಕಲು ಬಂದಿದ್ದಾಳೆ! ರಹೀಮಾಳಿಗೆ ಇದು ಹೇಗೆ ಗೊತ್ತಾಗಬೇಕು? ಅವಳು ಕೈ ಹಾಕುವುದು ಗೂಡು ಬೇಯುವ ನೀರಿಗೆ. ಅಲ್ಲಿ ಮೂಸಿ ನೋಡುವ ಹುಳ ಯಾವುದೂ ಇರುವುದಿಲ್ಲ.

"ಈಚೆಗ್ ಬಾ ಮೊದ್ಲು!" ಕೆಂಪಯ್ಯ ಬಾಗಿಲಲ್ಲಿ ಕೂಗಿದ. "ಅಲ್ಲಾ, ನಶ್ಯ ಹಾಕೋರ್ನೇ ಒಳೀಕೆ ಬುಡದೋಳು, ನೀನೇ ಇಂಗ್ ಮಾಡ್ಬುಟ್ಯಲ್ಲಮ್ಮಿ!"

"ನೀವೂ ಕಟ್ಟಿದ್ರಲ್ಲ, ನಿಮ್ಗೊಳೀಲಿಲ್ವಾ?"

"ನಂಗೇನೊಳೀತದೆ? ನಿನ್ ಕೈ ನೋಡ್ತಿದ್ದೆ ನಾನು!"

ಜಗಳ ಅಲ್ಲಿಗೇ ನಿಂತಿತು. ಅವನು ಒಲೆಬೂದಿ ಹಚ್ಚಿ ಎರಡೆರಡು ಸಲ ಮಿಂದು, ಕಿಟಕಿ ತೆಗೆದು, ಆ ಸೊಪ್ಪನ್ನೆಲ್ಲ ಎತ್ತಿ ಹೊಸದನ್ನು ಹಾಕಿದ. ಮುನಿಯಮ್ಮ ಹೊರಗೆ ಜಗಲಿಯಲ್ಲಿ ಕೂತು ಕಿವಿ ಕೊಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೊದಲು ಒಂದು ಚರ್. ಆಮೇಲೆ ಹತ್ತು. ಆಮೇಲೆ ಕೋಣೆಯೆಲ್ಲ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒಂದೂವರೆ ತಟ್ಟೆ ಹುಳ ಮಾತ್ರ ಚೇತರಿಸಿಕೊಳ್ಳಲಿಲ್ಲ.

ಲಕ್ಕಿ ಬೇಡ ಎಂದು ಅವಳೇ ತೀರ್ಮಾನಿಸಿದಳು. ಎರಡೇ ದಿನದಲ್ಲಿ ಬೆರಳು ಮತ್ತೆ ಬಿಗಿದುಕೊಂಡವು. ಈಗಿನ ನೋವು ಮೊದಲಿಗಿಂತ ಕೆಟ್ಟದ್ದು, ಯಾಕೆಂದರೆ ನೋವಿಲ್ಲದಿರುವುದು ಹೇಗಿರುತ್ತದೆ ಎಂದು ಒಂದು ರಾತ್ರಿ ಗೊತ್ತಾಗಿಬಿಟ್ಟಿತ್ತು. ಕೆಂಪಯ್ಯ ತೆಂಗಿನ ಸಸಿಯ ವಿಚಾರಕ್ಕೆ ಯಾರ ಹತ್ತಿರವೋ ಮಾತಾಡಿಯೂ ಬಂದ.

ಹುಳ ಮೂರನೇ ಜ್ವರಕ್ಕೆ ಕೂತವು.

ಇದನ್ನು ಕಂಡವರಿಗೇ ಗೊತ್ತು. ಬೆಳಗಿನವರೆಗೆ ಮನೆ ತುಂಬ ಮಳೆ ಸುರಿದ ಹಾಗೆ ಸದ್ದು, ಆಮೇಲೆ ಒಂದೊಂದೇ ತಟ್ಟೆ ಮೌನವಾಗುತ್ತ ಬರುತ್ತದೆ. ಮಧ್ಯಾಹ್ನಕ್ಕೆ ಪೂರ್ತಿ ನಿಶ್ಶಬ್ದ. ಸಾವಿರ ಸಾವಿರ ಹುಳ, ಎಲ್ಲವೂ ತಲೆ ಎತ್ತಿ, ಮೈ ಚರ್ಮ ಬಿಗಿದು ಮಿರುಗುತ್ತ, ಕಲ್ಲಿನಲ್ಲಿ ಕಡೆದಿಟ್ಟ ಹಾಗೆ. ಒಳಗೆ ಏನು ನಡೆಯುತ್ತಿದೆಯೋ ಯಾರಿಗೂ ಕಾಣದು. ಮುನಿಯಮ್ಮ ಇದನ್ನು ನೂರು ಸಲ ನೋಡಿದ್ದರೂ ಪ್ರತಿ ಸಲ ದನಿ ತಗ್ಗಿಸಿಯೇ ಮಾತಾಡುತ್ತಿದ್ದಳು. ಅವತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಕ್ಕೂ ಮೈ ಬಿಗಿದಿದೆ, ತನಗೂ ಬಿಗಿದಿದೆ. ಅವು ಬಾಯಿ ಮುಚ್ಚಿ ಕೂತಿವೆ...

ಬಾಯಿ ಮುಚ್ಚಿ ಕೂತಿವೆ!

"ಇಲ್ಕೇಳ್ರಿ," ಎಂದು ಪಿಸುಗುಟ್ಟಿದಳು. "ನಾಳೆ ಮಧ್ಯಾನದ್ ತಂಕ ಇವಕ್ಕೆ ಮೇವು ಬ್ಯಾಡ. ನನ್ ಕೈ ಬ್ಯಾಡ. ನಾನು ಈ ಮನೇಲಿರಾದೇ ಬ್ಯಾಡ."

"ಎಲ್ಲೋಯ್ತೀಯೆ?"

"ಚನ್ನಪಟ್ಣಕ್ಕೆ. ರಹೀಮಾ ತಾವ."

ಕೆಂಪಯ್ಯ ಹುಳ ನೋಡಿದ, ಹೆಂಡತಿಯ ಕೈ ನೋಡಿದ. "ಅವು ಏಳೋ ವೊತ್ಗೆ ನೀ ಬಂದ್ರೂ ಒಳೀಕೆ ಬುಡಾಕಿಲ್ಲ ನಾನು. ವಾಸ್ನೆ ಪೂರ್ತಿ ವೋಗಿರ್ಬೇಕು."

"ವೋಗೈತೋ ಇಲ್ವೋ ಅಂತ ನಿಮ್ ಮೂಗ್ಗೆ ಗೊತ್ತಾದದಾ?"

"ಮತ್ತೆ ಯಾರ್ ಮೂಗ್ಗೆ?"

ಮುನಿಯಮ್ಮ ಒಂದು ಸಣ್ಣ ತಟ್ಟೆ ತೋರಿಸಿದಳು. ಪ್ರತಿ ಬೆಳೆಯಲ್ಲೂ ಹಿಂದುಳಿಯುವ ಹುಳ ಒಂದಷ್ಟು ಇರುತ್ತವೆ. ಉಳಿದವೆಲ್ಲ ಜ್ವರಕ್ಕೆ ಕೂತರೂ ಇವು ಇನ್ನೂ ಒಂದು ದಿನ ತಿನ್ನುತ್ತಲೇ ಇರುತ್ತವೆ. ಅವನ್ನು ಆರಿಸಿ ಕೋಳಿಗೆ ಹಾಕುವುದು ವಾಡಿಕೆ. "ಇವ್ನ ಬಿಸಾಕ್ಬ್ಯಾಡಿ. ನಾ ಬಂದ್ಮೇಲೆ ಇವೇ ಹೇಳ್ತವೆ."

ರಹೀಮಾಳ ಮನೆ ಚನ್ನಪಟ್ಟಣದ ಒಂದು ಸಂದಿಯಲ್ಲಿ. ನಡೆದದ್ದನ್ನೆಲ್ಲ ಕೇಳಿ ಅವಳು ಎದೆಗೆ ಕೈ ಹಚ್ಚಿಕೊಂಡಳು. "ಅಯ್ಯೋ ಅಲ್ಲಾ! ನಂಗೆ ಹೊಳೀಲೇ ಇಲ್ಲ ಅಮ್ಮಾ. ನಾನು ಕಾಣೋದೆಲ್ಲ ಸತ್ತಿರೋ ಹುಳ." ಮರುಕ್ಷಣ ಗಂಡನನ್ನು ಅಂಗಳಕ್ಕೆ ಅಟ್ಟಿ, ಚರಕದ ಒಲೆಯ ಮೇಲೆ ಲಕ್ಕಿ ಸೊಪ್ಪಿನ ಹಂಡೆ ಇಟ್ಟಳು.

ಅವತ್ತು ಸಂಜೆ ಒಂದು ಸಲ, ರಾತ್ರಿ ಒಂದು ಸಲ, ಬೆಳಗಿನ ಜಾವ ಒಂದು ಸಲ. ಕಂಬಳಿಯೊಳಗೆ ಹಬೆ, ಹೊರಗೆ ರಹೀಮಾಳ ಮಾತು.

"ಬೆರಳು ಆಡ್ಸಿ. ಸುಮ್ನೆ ಮೂಗು ಮುಚ್ಕೊಂಡು ಕೂರ್ಬೇಡಿ. ಪಿಟೀಲು ಬಾರ್ಸೋ ಹಾಗೆ ಆಡ್ಸಿ!"

"ನಮ್ಮಪ್ಪ ಪಿಟೀಲು ಕೊಡಿಸ್ಲಿಲ್ಲ ತಾಯಿ, ಕುಡ್ಲು ಕೊಡಿಸ್ದ."

"ಹಾಗಾದ್ರೆ ಕುಡುಗೋಲು ಹಿಡಿಯೋ ಹಾಗೆ ಆಡ್ಸಿ!"

ಮೂರನೇ ಸಲ ಕಂಬಳಿ ತೆಗೆದಾಗ ಬೆಳಕು ಹರಿಯುತ್ತಿತ್ತು. ಮುನಿಯಮ್ಮ ಹೆಬ್ಬೆರಳನ್ನು ತೋರುಬೆರಳಿನ ಕಡೆಗೆ ತಂದಳು. ನಿಧಾನ. ಇನ್ನೂ ಒಂದು ಅಕ್ಕಿಕಾಳಿನಷ್ಟು ದೂರ. ಆಮೇಲೆ ಮುಟ್ಟಿತು! ಬೆರಳ ತುದಿಗೆ ಬೆರಳ ತುದಿ, ಬೆಚ್ಚಗೆ. ಅವಳು ಅದನ್ನು ಬಿಡಿಸಿ ಮತ್ತೆ ಮುಟ್ಟಿಸಿದಳು. ಮತ್ತೆ. ಒಲೆಯ ಪಕ್ಕ ಬೆಂದು ಬಣ್ಣಗೆಟ್ಟ ಲಕ್ಕಿ ಸೊಪ್ಪು ರಾಶಿ ಬಿದ್ದಿತ್ತು. ಬೇಲಿಯಲ್ಲಿ ಯಾರೂ ನೀರು ಹಾಕದೆ, ಆಡು ಕೂಡ ಮುಟ್ಟದೆ ಬೆಳೆದ ಗಿಡ. ಅದರ ಮುಂದೆ ಅವಳಿಗೆ ಕೈ ಮುಗಿಯಬೇಕೆನ್ನಿಸಿತು, ಮುಗಿದೇಬಿಟ್ಟಳು. ಎರಡು ಅಂಗೈ ಸರಿಯಾಗಿ ಕೂಡಿಕೊಂಡಿದ್ದು ನೋಡಿ ಮತ್ತೊಮ್ಮೆ ಬೆರಗಾದಳು.

"ಪೂರ್ತಿ ಹೋಗಲ್ಲ ಅಮ್ಮಾ," ಎಂದಳು ರಹೀಮಾ, ತನ್ನ ಎಡಗೈಯ ಸೊಟ್ಟ ಕಿರುಬೆರಳು ತೋರಿಸುತ್ತ. "ಇದು ನಂದು ಹಾಗೇ ನಿಂತ್ಬಿಡ್ತು. ಚಳೀಲಿ ಮತ್ತೆ ನೋವು ಬರ್ತದೆ, ಮತ್ತೆ ಹಂಡೆ ಇಡ್ತೀನಿ. ಇದು ಮಂತ್ರ ಅಲ್ಲ, ಸೊಪ್ಪು."

ಮನೆಗೆ ಬಂದಾಗ ಕೆಂಪಯ್ಯ ಹೊಸ್ತಿಲಿಗೆ ಅಡ್ಡವಾಗಿ ನಿಂತಿದ್ದ, ಕೈಯಲ್ಲಿ ಹಿಂದುಳಿದ ಹುಳದ ತಟ್ಟೆ. ಮುನಿಯಮ್ಮ ಸೀಗೆಕಾಯಿ ಹಾಕಿ ಮಿಂದು, ಸೀರೆ ಬದಲಿಸಿ, ಒಂದು ಹಿಪ್ಪುನೇರಳೆ ಎಲೆಯನ್ನು ಅಂಗೈಯಲ್ಲಿ ಉಜ್ಜಿ ತಟ್ಟೆಗೆ ಇಟ್ಟಳು. ಹುಳ ತಲೆ ಎತ್ತಿತು. ಅತ್ತ ಇತ್ತ ಆಡಿಸಿತು. ಹಿಂದೆ ಸರಿಯಿತು.

"ಫೇಲು," ಎಂದ ಕೆಂಪಯ್ಯ.

ಕೆರೆಯ ಜೇಡಿ ಮಣ್ಣು ತಂದು ಮೊಣಕೈವರೆಗೆ ಮೆತ್ತಿಕೊಂಡು ಒಣಗಿಸಿದಳು. ಹುಳಿಮಜ್ಜಿಗೆಯಲ್ಲಿ ತೊಳೆದಳು. ತಲೆಗೂದಲಿಗೂ ಮಜ್ಜಿಗೆ ಹೊಯ್ದುಕೊಂಡಳು. ಕೊನೆಗೆ ಹಿಪ್ಪುನೇರಳೆ ಎಲೆಯನ್ನೇ ಹಿಂಡಿ ಕೈಗೆ ಸವರಿಕೊಂಡಳು. ಒಳಗೆ ಜ್ವರದ ಹುಳ ಒಂದೆರಡು ಆಗಲೇ ಮಿಸುಕತೊಡಗಿದ್ದವು. ಹೊತ್ತು ಆಗುತ್ತಿತ್ತು. ಎರಡನೇ ಎಲೆ ಇಟ್ಟಳು. ಗಂಡ ಹೆಂಡತಿ ಇಬ್ಬರೂ ಬಗ್ಗಿ, ಉಸಿರು ಹಿಡಿದು, ಕೋಳಿಯ ಪಾಲಾಗಬೇಕಿದ್ದ ಒಂದು ಸಣಕಲು ಹುಳವನ್ನು ನೋಡಿದರು. ಅದು ತಲೆ ಎತ್ತಿತು. ಯೋಚಿಸಿತು. ನಿಜವಾಗಿ ಯೋಚಿಸಿತು ಎಂದೇ ಮುನಿಯಮ್ಮ ಕೊನೆವರೆಗೂ ಹೇಳುತ್ತಿದ್ದಳು. ಆಮೇಲೆ ಎಲೆಯ ಅಂಚಿಗೆ ಬಾಯಿ ಹಚ್ಚಿತು. ಚರ್.

ಕೆಂಪಯ್ಯ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದ.

ನಾಲ್ಕನೇ ಜ್ವರ ದೊಡ್ಡದು, ಒಂದೂವರೆ ದಿನ. ರಹೀಮಾಳ ಮನೆಗೆ ಹೋಗಿ ಇನ್ನೂ ಮೂರು ಸಲ ಹಬೆ ಹಿಡಿದಳು, ಏಳು ತುಂಬಿತು. ಈ ಸಲ ಮಜ್ಜಿಗೆ ಮಣ್ಣು ಎಲ್ಲ ಮೊದಲೇ ತಯಾರಿತ್ತು, ಪರೀಕ್ಷೆಯ ಹುಳವೂ ಮೊದಲ ಎಲೆಗೇ ಪಾಸು ಮಾಡಿತು. ಅಂದಿನಿಂದ ಏಳೆಂಟು ದಿನ ಹುಳ ತಿಂದದ್ದು ತಿಂದದ್ದೇ. ಸೊಪ್ಪಿನ ಹೊರೆ ಒಳಗೆ ಹೋಗುತ್ತದೆ, ಬರೀ ಕಡ್ಡಿ ಹೊರಗೆ ಬರುತ್ತದೆ. ಮುನಿಯಮ್ಮ ಹೊರೆ ಬಿಚ್ಚಿದಳು, ಸೊಪ್ಪು ಹಾಕಿದಳು, ಕಸ ತೆಗೆದಳು. ಕೈ ನೋಯುತ್ತಿತ್ತು, ಆದರೆ ಕೇಳಿದ ಮಾತು ಕೇಳುತ್ತಿತ್ತು. ಎಡಗೈಯ ಕಿರುಬೆರಳೊಂದು ಮಾತ್ರ ಕೊಕ್ಕೆಯ ಹಾಗೆ ಬಗ್ಗಿಯೇ ಉಳಿಯಿತು.

ಕೆಂಪಯ್ಯ ತೋಟದ ಬಗ್ಗೆ ಮಾತೆತ್ತಲಿಲ್ಲ. ನಿಜವಾದ ಪರೀಕ್ಷೆ ಇನ್ನೂ ಬಾಕಿಯಿತ್ತು.

ಒಂದು ಬೆಳಿಗ್ಗೆ ಮುನಿಯಮ್ಮ ಕೋಣೆಗೆ ಹೋದವಳು, "ಹಣ್ಣಾಗವೆ!" ಎಂದು ಕೂಗಿದಳು. ಎರಡು ಮೂರು ತಟ್ಟೆಯಲ್ಲ, ಎಲ್ಲ ತಟ್ಟೆ ಒಟ್ಟಿಗೆ! ಚಂದ್ರಿಕೆಗಳನ್ನು ಅಂಗಳದ ನೆರಳಿಗೆ ಸಾಲಾಗಿ ಒರಗಿಸಿದರು. ಮುನಿಯಮ್ಮ ಮೊದಲ ತಟ್ಟೆಯ ಮುಂದೆ ಕೂತಳು. ಕೆಂಪಯ್ಯ ಕೆಲಸ ಬಿಟ್ಟು ನೋಡುತ್ತ ನಿಂತ.

ಅವಳು ಒಂದು ಹುಳವನ್ನು ಎತ್ತಿದಳು. ಎರಡು ಬೆರಳು, ನಡುವೆ ಹುಳ, ಹಿಡಿದೂ ಹಿಡಿಯದ ಹಾಗೆ. ಬಿಸಿಲಿಗೆ ಹಿಡಿದಳು. ನಿನ್ನೆಯವರೆಗೆ ಸೊಪ್ಪಿನಿಂದ ಹಸಿರಾಗಿದ್ದ ಮೈ ಇವತ್ತು ಜೇನುತುಪ್ಪದ ಹನಿಯ ಹಾಗೆ, ಬೆಳಕು ಈ ಕಡೆಯಿಂದ ಹೊಕ್ಕು ಆ ಕಡೆ ಬರುತ್ತಿದೆ. ಒಳಗೆ ಒಂದೇ ಒಂದು ಎಲೆಯ ಗುರುತಿಲ್ಲ. ಗಾಡಿಗಟ್ಟಲೆ ತಿಂದ ಸೊಪ್ಪೆಲ್ಲ ಎಲ್ಲಿ ಹೋಯಿತು, ಯಾವಾಗ ನೂಲಾಯಿತು! ಹುಳ ಅವಳ ಬೆರಳ ನಡುವೆ ನೋಯದೆ ತಲೆ ಆಡಿಸಿತು. ಚಂದ್ರಿಕೆಗೆ ಬಿಟ್ಟಳು. ಇನ್ನೊಂದು. ಇನ್ನೊಂದು. ಆಮೇಲೆ ಅವಳ ಕೈ ಓಡತೊಡಗಿತು. ಕೆಂಪಯ್ಯ ತಟ್ಟೆ ತಂದುಕೊಡುವುದರೊಳಗೆ ಹಿಂದಿನದು ಖಾಲಿಯಾಗುತ್ತಿತ್ತು.

"ಒಸಿ ನಿಧಾನ್ಕಮ್ಮಿ, ನನ್ ಕಾಲ್ಗೂ ಲಕ್ಕಿ ಕಟ್ಬೇಕಾಯ್ತದೆ!"

ಹೊತ್ತು ಇಳಿಯುವ ವೇಳೆಗೆ ಒಂದೇ ತಟ್ಟೆ ಉಳಿಯಿತು. ಅದೇ ಸಣ್ಣ ತಟ್ಟೆ. ಹಿಂದುಳಿದ ಹುಳಗಳೂ ಹೇಗೋ ಓಡಿಬಂದು ಜೊತೆ ಸೇರಿದ್ದವು. ಮುನಿಯಮ್ಮ ಆ ಸಣಕಲು ಹುಳ ಯಾವುದೆಂದು ಹುಡುಕಿ, ಅದೇ ಇರಬೇಕು ಎಂದುಕೊಂಡು ಒಂದನ್ನು ಎಡಗೈಗೆ ಹತ್ತಿಸಿಕೊಂಡು ಚಂದ್ರಿಕೆಯ ಕಡೆ ಹಿಡಿದಳು. ಅದು ಬಿದಿರಿಗೆ ಇಳಿಯಿತು. ಆಮೇಲೆ ತಲೆ ತಿರುಗಿಸಿತು. ಗೂಡಿಗೆ ಆಧಾರ ಹುಡುಕುವ ಹುಳ ಸಿಕ್ಕಿದ್ದಕ್ಕೆಲ್ಲ ನೂಲು ಅಂಟಿಸುತ್ತದೆ. ಅದು ಮೊದಲ ನೂಲನ್ನು ಅಂಟಿಸಿದ್ದು ಪಕ್ಕದಲ್ಲೇ ಇದ್ದ ಅವಳ ಸೊಟ್ಟ ಕಿರುಬೆರಳಿಗೆ. ಅಲ್ಲಿಂದ ಬಿದಿರಿಗೆ. ಬಿದಿರಿನಿಂದ ಮತ್ತೆ ಬೆರಳಿಗೆ.

ಮುನಿಯಮ್ಮ ಕಲ್ಲಾದಳು. ಇಳಿಬಿಸಿಲಿನಲ್ಲಿ ಆ ಎಳೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ.

"ಯಾಕಮ್ಮಿ ನಿಂತ್ಬುಟ್ಟೆ? ಹಿಡ್ಕತ್ತಾ ಕೈ?" ಕೆಂಪಯ್ಯ ಗಾಬರಿಯಿಂದ ಓಡಿಬಂದ.

"ಶ್! ಅಲ್ಲಾಡ್ಬ್ಯಾಡಿ."

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಹುಳ ತಲೆ ಆಡಿಸುತ್ತಲೇ ಇತ್ತು, ಬೆರಳಿಗೆ, ಬಿದಿರಿಗೆ, ಬೆರಳಿಗೆ.

"ಇನ್ನೆಷ್ಟೊತ್ತು ಇಂಗೇ ನಿಂತ್ಕಂಡಿದ್ದೀಯೆ?" ಎಂದು ಕೇಳಿದ, ಜ್ವರದ ಕೋಣೆಯಲ್ಲಿ ಮಾತಾಡುವ ದನಿಯಲ್ಲಿ.

"ಅದು ಬುಡೋ ಗಂಟ."

ಅವನು ತಲೆ ಕೆರೆದುಕೊಂಡ. ಹೆಗಲ ಟವೆಲ್ಲು ಕೊಡವಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ.

"ಸಂಜೆ ಬಸ್ಸು ಇನ್ನೂ ವೋಗಿಲ್ಲ. ಚನ್ನಪಟ್ಣಕ್ಕೋಗಿ ಮುಂದಿನ್ ಬೆಳೆ ಮೊಟ್ಟೆಗೆ ಹೇಳ್ಬುಟ್ಟು ಬರ್ಲಾ?"

ಮುನಿಯಮ್ಮ ಎಳೆಯಿಂದ ಕಣ್ಣು ತೆಗೆಯಲಿಲ್ಲ. "ವೋಗ್ ಬನ್ನಿ," ಎಂದಳು. "ರಹೀಮಾಗೂ ಹೇಳ್ಬುಡಿ. ಈ ಸಲ ಮೊದ್ಲನೇ ಜ್ವರಕ್ಕೇ ಬತ್ತೀನಿ ಅನ್ನಿ."